ಕಲಿಸುವವರು ಮೊದಲು ಮಾಡಿ ನೋಡಲಿ: ದಿನಚರಿಯ ಪುಟಗಳು

19 ಅಕ್ಟೋಬರ್ 2024, ಶನಿವಾರ. ಬ್ರೂಸ್‌ಪೇಟೆ, ಬಳ್ಳಾರಿ

ಸೋಮವಾರದಿಂದ ಉಪನ್ಯಾಸಕರಿಗೆ ಮಾಹಿತಿ ಭದ್ರತೆಯ ತರಬೇತಿ. ಬಳ್ಳಾರಿಯ ಕಾಲೇಜುಗಳಿಂದಲೂ ಸಿರುಗುಪ್ಪ, ಕುರುಗೋಡು ಕಡೆಯಿಂದಲೂ ಬರುವವರ ಪಟ್ಟಿ ಇವತ್ತು ಕೈಸೇರಿತು. ಒಬ್ಬೊಬ್ಬರ ಹೆಸರಿನ ಪಕ್ಕ ಅವರು ಓದಿದ ವಿಷಯ ಬರೆದುಕೊಂಡೆ. ಬಿಸಿಎಗೆ ಪಾಠ ಮಾಡುವವರೇ ಹೆಚ್ಚು. ಗಣಿತದವರಿದ್ದಾರೆ, ಕಾಮರ್ಸ್‌ನವರಿದ್ದಾರೆ, ರಾಜ್ಯಶಾಸ್ತ್ರದವರೂ ಒಬ್ಬರಿದ್ದಾರೆ. ಸೈಬರ್ ಸೆಕ್ಯುರಿಟಿ ಪೇಪರ್ ಟೈಮ್‌ಟೇಬಲ್‌ಗೆ ಬಂದಾಗ ಯಾರ ಕಾರ್ಯಭಾರ ಕಡಿಮೆ ಬಿದ್ದಿತ್ತೋ ಅವರಿಗೆ ಅದು ಹೋಗಿದೆ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಕಲಿತವರು ಪಟ್ಟಿಯಲ್ಲಿ ಯಾರೂ ಇಲ್ಲ.

ವಿಷಯ ಬೇಗ ಬಂತು, ಕಲಿಸುವವರು ಅಷ್ಟು ಬೇಗ ತಯಾರಾಗಲಿಲ್ಲ. ಯುಜಿಸಿ 2022ರ ಅಕ್ಟೋಬರಿನಲ್ಲಿ ಪದವಿಗೂ ಸ್ನಾತಕೋತ್ತರಕ್ಕೂ ಸೈಬರ್ ಸೆಕ್ಯುರಿಟಿ ಪಠ್ಯಕ್ರಮ ಕೊಟ್ಟಿತು. ಅದೇ ವರ್ಷದ ವಿಟಿಯು ಸ್ಕೀಮಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷಕ್ಕೇ ಪರಿಚಯದ ಪೇಪರ್ ಸೇರಿತು. ಪಠ್ಯಕ್ರಮ ಬರೆಯಲು ತಿಂಗಳುಗಳು ಸಾಕು. ಅದನ್ನು ಧೈರ್ಯವಾಗಿ ಪಾಠ ಮಾಡಬಲ್ಲ ಒಬ್ಬ ಉಪನ್ಯಾಸಕ ತಯಾರಾಗಲು ವರ್ಷಗಳು ಬೇಕು.

ಈ ಕೊರತೆ ನಮಗೊಬ್ಬರಿಗೇ ಬಂದದ್ದಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ಯೂಜೀನ್ ಸ್ಪಾಫರ್ಡ್ 1997ರಲ್ಲೇ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಇದನ್ನು ಎತ್ತಿದ್ದರು. ಈ ವಿಷಯದಲ್ಲಿ ಸಂಶೋಧನೆ ಮಾಡಿ ಪಾಠಕ್ಕೆ ಬರುವವರು ತೀರಾ ಕಡಿಮೆ ಎಂಬುದೇ ಅವರ ಅಳಲು. ನಮ್ಮ ದೇಶದಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಇಲಾಖೆ 2005ರಲ್ಲಿ ಮಾಹಿತಿ ಭದ್ರತಾ ಶಿಕ್ಷಣ ಮತ್ತು ಜಾಗೃತಿ ಯೋಜನೆ ಆರಂಭಿಸಿತು. ಎಲ್ಲರೂ ಐಎಸ್‌ಇಎ ಅನ್ನುತ್ತಾರೆ. ದೊಡ್ಡ ಸಂಸ್ಥೆಗಳು ಉಳಿದ ಕಾಲೇಜುಗಳ ಅಧ್ಯಾಪಕರನ್ನು ತಯಾರು ಮಾಡಬೇಕು ಎಂಬುದು ಅದರ ಲೆಕ್ಕಾಚಾರ. ನಮ್ಮ ರಾಜ್ಯದಿಂದ ಬೆಂಗಳೂರಿನ ಐಐಎಸ್‌ಸಿ, ಸುರತ್ಕಲ್‌ನ ಎನ್‌ಐಟಿಕೆ ಅದರಲ್ಲಿದ್ದವು. 2014ರಲ್ಲಿ ಶುರುವಾದ ಎರಡನೇ ಹಂತದ ಗುರಿ 1.14 ಲಕ್ಷ ಜನರಿಗೆ ತರಬೇತಿ. ಆ ಯೋಜನೆಯ ನೀರು ಸಿರುಗುಪ್ಪದ ಪದವಿ ಕಾಲೇಜಿನ ಕೊನೆಯ ಬೆಂಚಿನವರೆಗೂ ಹರಿಯಬೇಕಾದರೆ ನಮ್ಮಂಥ ಜಿಲ್ಲಾ ಕೇಂದ್ರದಲ್ಲಿ ಈ ಕೆಲಸ ಆಗಲೇಬೇಕು.

ಒಂದು ನಿಯಮ ಹಾಕಿಕೊಂಡಿದ್ದೇನೆ. ಬೆಳಿಗ್ಗೆ ಲ್ಯಾಬ್, ಮಧ್ಯಾಹ್ನ ಮಾತು. ಊಟಕ್ಕೆ ಮೊದಲು ಪ್ರೊಜೆಕ್ಟರ್ ಹಚ್ಚುವುದಿಲ್ಲ.

21 ಅಕ್ಟೋಬರ್, ಸೋಮವಾರ

ಪರಿಚಯದ ಹೊತ್ತಿನಲ್ಲೇ ಸಿರುಗುಪ್ಪದ ಅತಿಥಿ ಉಪನ್ಯಾಸಕರು ಹೇಳಿದ ಮಾತು ಇಡೀ ವಾರಕ್ಕೆ ದಾರಿ ತೋರಿಸುವಂತಿತ್ತು. "ಮೇಡಂ, ಪ್ಯಾಕೆಟ್ ಅಂದ್ರೇನು ಅಂತ ನಾನು ಬೋರ್ಡ್ ಮ್ಯಾಲೆ ಡಬ್ಬಿ ಬರೆದು ತೋರಸ್ತೀನ್ರಿ. ನಿಜವಾದ್ದು ಒಂದೂ ಕಣ್ಣಾರೆ ಕಂಡಿಲ್ಲ. ಹುಡುಗ್ರು ಮುಂದಿನ ಪ್ರಶ್ನೆ ಕೇಳಿದ್ರೆ ಪುಸ್ತಕದ ಮುಂದಿನ ಪುಟಕ್ಕೆ ಹೋಗಿಬಿಡ್ತೀನಿ." ಯಾರೂ ನಗಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು.

ಈ ವಿಷಯ ಮೂರು ಕಾಲಿನ ಮೇಲೆ ನಿಲ್ಲುತ್ತದೆ ಎಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ: ಗೌಪ್ಯತೆ, ಸಮಗ್ರತೆ, ಲಭ್ಯತೆ. ಮೊದಲ ಎರಡು ಬೇಗ ತಲೆಗೆ ಹೋಗುತ್ತವೆ. ಬೇರೆಯವರು ಓದಬಾರದು, ಬೇರೆಯವರು ತಿದ್ದಬಾರದು. ಮೂರನೆಯದು, ಬೇಕಾದಾಗ ಸಿಗಬೇಕು ಎಂಬುದು, ಭದ್ರತೆಯ ಭಾಗ ಹೇಗಾಗುತ್ತದೆ ಎಂದು ಕುರುಗೋಡಿನ ಮೇಡಂ ಕೇಳಿದರು. ಉತ್ತರ ಕೊಟ್ಟದ್ದು ನಾನಲ್ಲ, ಸಿರುಗುಪ್ಪದವರೇ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಅದನ್ನು ನೆನಪಿಸಿದರು. ಯಾರೂ ಕದಿಯಲಿಲ್ಲ, ಯಾರೂ ದಾಳಿ ಮಾಡಲಿಲ್ಲ. ಆದರೂ ಒತ್ತಡ ಇಳಿಸಲು ಉಳಿದ ಗೇಟುಗಳನ್ನೆತ್ತಿ ತುಂಬಿದ ನೀರನ್ನು ನದಿಗೆ ಬಿಡಬೇಕಾಯಿತು. ಕಾಲುವೆ ನಂಬಿದ ಭತ್ತದ ರೈತರು ನಿದ್ದೆಗೆಟ್ಟರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ತಡೆದದ್ದು ವಾರದ ಮೇಲೆ. ಒಂದೇ ಕೊಂಡಿಯ ಮೇಲೆ ಎಲ್ಲವನ್ನೂ ನಿಲ್ಲಿಸಬಾರದು, ಅದು ಹೋದರೆ ಹಾಕಲು ಇನ್ನೊಂದು ತಯಾರಿರಬೇಕು, ಹಳೆಯ ಚೈನನ್ನು ಆಗಾಗ ನೋಡುತ್ತಿರಬೇಕು. ಬ್ಯಾಕಪ್, ಪರ್ಯಾಯ, ನಿರ್ವಹಣೆ ಮೂರನ್ನೂ ಆ ಗೇಟಿನಿಂದಲೇ ಕಲಿಸಬಹುದು. ನಮ್ಮ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ವಿದೇಶಿ ಪುಸ್ತಕದಲ್ಲೂ ಸಿಗದು.

ಲ್ಯಾಬಿನಲ್ಲಿ ಇವತ್ತು ಪಾಸ್‌ವರ್ಡ್. ಪಾಸ್‌ವರ್ಡನ್ನು ಹಿಂದಕ್ಕೆ ತಿರುಗಿಸಲಾಗದ ಅಕ್ಷರಗಳ ಸಾಲಾಗಿ ಮಾಡುವುದು ಹ್ಯಾಶ್. ಒಂದೇ ಪದವನ್ನು ಇಬ್ಬರು ಪಾಸ್‌ವರ್ಡ್ ಮಾಡಿಕೊಂಡರೆ ಬರೀ ಹ್ಯಾಶ್ ಹಾಕಿದಾಗ ಇಬ್ಬರಿಗೂ ಒಂದೇ ಸಾಲು ಬರುತ್ತದೆ. ಒಬ್ಬೊಬ್ಬರಿಗೂ ಬೇರೆಯಾದ ಸಾಲ್ಟ್ ಎಂಬ ತುಣುಕು ಸೇರಿಸಿದಾಗ ಬೇರೆ ಬೇರೆ ಬರುತ್ತದೆ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ 1979ರಲ್ಲಿ ಪ್ರಕಟಿಸಿದ ಈ ಉಪಾಯವನ್ನು ಎಲ್ಲರೂ ತಮ್ಮ ಪರದೆಯ ಮೇಲೇ ಕಂಡರು. ಆಮೇಲೆ ಎರಡು ಘಟನೆ ಪಕ್ಕಪಕ್ಕ ಇಟ್ಟೆ. 2009ರಲ್ಲಿ ರಾಕ್‌ಯೂ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿದವು. ಅವನ್ನು ಇದ್ದದ್ದು ಇದ್ದಂತೆಯೇ ಬರೆದಿಟ್ಟಿದ್ದರು. ಈ ತಿಂಗಳು ಇಂಟರ್ನೆಟ್ ಆರ್ಕೈವ್‌ನಿಂದ 3.1 ಕೋಟಿ ಖಾತೆಗಳ ವಿವರ ಹೋದದ್ದು ಬಯಲಾಗಿದೆ. ಆದರೆ ಅಲ್ಲಿನ ಪಾಸ್‌ವರ್ಡ್‌ಗಳು ಬಿಕ್ರಿಪ್ಟ್ ಹ್ಯಾಶ್‌ನಲ್ಲಿದ್ದವು. ಎರಡೂ ಕಳ್ಳತನವೇ. ಒಂದರಲ್ಲಿ ಕಳ್ಳನ ಕೈಗೆ ಕೀಲಿಯೇ ಸಿಕ್ಕಿತು, ಇನ್ನೊಂದರಲ್ಲಿ ಒಂದೊಂದು ಕೀಲಿಗೂ ಅವನು ಬೆವರು ಸುರಿಸಬೇಕು.

22 ಅಕ್ಟೋಬರ್, ಮಂಗಳವಾರ

ಗುಪ್ತಲಿಪಿಯ ದಿನ. ಎಲ್ಲ ಪುಸ್ತಕಗಳಲ್ಲೂ ಜೂಲಿಯಸ್ ಸೀಸರನ ಲಿಪಿ ಇಂಗ್ಲಿಷಿನ 26 ಅಕ್ಷರಗಳಲ್ಲೇ ಇರುತ್ತದೆ. ಇವತ್ತು ಕನ್ನಡದಲ್ಲಿ ಮಾಡಿಸಿದೆ.

ಗಣಿತದ ಸರ್ ಮುಂದಾದರು. ವ್ಯಂಜನಗಳು ಕ ಇಂದ ಳ ವರೆಗೆ 34. ಒತ್ತು, ಗುಣಿತ ಮುಟ್ಟದೆ ವ್ಯಂಜನವನ್ನಷ್ಟೇ ಒಂದು ಮನೆ ಮುಂದಕ್ಕೆ ಸರಿಸುವುದು, ಳ ಬಂದರೆ ತಿರುಗಿ ಕ ಗೆ ಬರುವುದು. ಬಳ್ಳಾರಿ 'ಭಕ್ಕಾಲಿ' ಆಯಿತು. ಕುರುಗೋಡು 'ಖುಲುಘೋಢು'. ಸಿರುಗುಪ್ಪ 'ಹಿಲುಘುಫ್ಫ'. ತರಗತಿ ತುಂಬ ನಗು. ಒಬ್ಬರಿಗೊಬ್ಬರು ಚೀಟಿ ಬರೆದು ಕೊಟ್ಟು ಬಿಡಿಸತೊಡಗಿದರು.

ನಗು ಇಳಿದ ಮೇಲೆ ಕೇಳಿದೆ: ಕೀಲಿ ಗೊತ್ತಿಲ್ಲದವನು ಇದನ್ನು ಹೇಗೆ ಒಡೆಯುತ್ತಾನೆ? ಇರುವುದು 33 ಕೀಲಿ, ಒಂದೊಂದಾಗಿ ಹಾಕಿ ನೋಡಬಹುದು ಅಂದರು ಗಣಿತದ ಸರ್. ಕುರುಗೋಡಿನ ಮೇಡಂ ಕಾಗದವನ್ನೇ ದಿಟ್ಟಿಸುತ್ತಿದ್ದವರು ತಲೆಯೆತ್ತಿ, "ಹಾಕಿ ನೋಡೋದೂ ಬೇಡ್ರಿ. ಎಲ್ಲಾ ಕಡೆ ಮಹಾಪ್ರಾಣ ತುಂಬ್ಯಾವ. ನಮ್ಮ ಕನ್ನಡದಾಗ ಇಷ್ಟು ಘ, ಢ, ಫ ಎಲ್ಲಿ ಬರ್ತಾವ?" ಅಂದರು. ಆಡುಮಾತಿನಲ್ಲಿ ಅಪರೂಪವಾದ ಅಕ್ಷರ ಹೆಜ್ಜೆಹೆಜ್ಜೆಗೂ ಕಂಡರೆ ಒಂದೇ ಮನೆ ಸರಿಸಿದ್ದಾರೆ ಎಂದರ್ಥ. ದ್ವಿತ್ವವೂ ಬಯಲಾಗುತ್ತದೆ: ಳ್ಳ ಇದ್ದಲ್ಲಿ ಕ್ಕ, ಪ್ಪ ಇದ್ದಲ್ಲಿ ಫ್ಫ. ಬಾಗ್ದಾದಿನ ಅಲ್‌ಕಿಂದಿ 9ನೇ ಶತಮಾನದಲ್ಲಿ ಅರಬಿ ಅಕ್ಷರಗಳು ಎಷ್ಟೆಷ್ಟು ಸಲ ಬರುತ್ತವೆಂದು ಎಣಿಸಿ ಗುಪ್ತಲಿಪಿ ಒಡೆಯುವ ದಾರಿ ಬರೆದಿಟ್ಟ. ಅದೇ ದಾರಿಗೆ ಮೇಡಂ ಕನ್ನಡದ ಕಿವಿಯಿಂದ ಬಂದು ಸೇರಿದರು.

ಮಧ್ಯಾಹ್ನ ಅಲ್ಲಿಂದ ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಕೊಟ್ಟ ವಿಚಾರಕ್ಕೆ ಬಂದೆವು. ಹಿಂದೆಂದೂ ಭೇಟಿಯಾಗದ ಇಬ್ಬರು ಎಲ್ಲರ ಕಣ್ಣೆದುರೇ ಮಾತಾಡಿಕೊಂಡು, ಆದರೂ ತಮಗಿಬ್ಬರಿಗೇ ಗೊತ್ತಾಗುವ ಗುಟ್ಟಿಗೆ ಬರಬಹುದು ಎಂಬುದನ್ನು ಸಣ್ಣ ಸಂಖ್ಯೆಗಳಿಟ್ಟು ಬೋರ್ಡಿನ ಮೇಲೆ ಗಣಿತದ ಸರ್ ಅವರೇ ಮಾಡಿ ತೋರಿಸಿದರು. ಸೆಕ್ಯುರಿಟಿ ನನ್ನ ವಿಷಯವಲ್ಲ ಎಂದು ನಿನ್ನೆ ಹಿಂದಿನ ಸಾಲಿನಲ್ಲಿ ಕೂತವರು ಇವತ್ತು ಚಾಕ್‌ಪೀಸ್ ಬಿಡಲಿಲ್ಲ. ಬೇರೆ ಬೇರೆ ವಿಷಯದವರು ಬಂದಿದ್ದಾರೆಂಬ ನನ್ನ ಶನಿವಾರದ ಚಿಂತೆ ಅನಗತ್ಯವಾಗಿತ್ತು. ಈ ವಿದ್ಯೆಗೆ ಎಲ್ಲ ಬಾಗಿಲಿನಿಂದಲೂ ಪ್ರವೇಶವಿದೆ.

23 ಅಕ್ಟೋಬರ್, ಬುಧವಾರ

ವಾರದಲ್ಲಿ ನಾನು ಹೆಚ್ಚು ಕಾಯುತ್ತಿದ್ದ ದಿನ.

ಒಂದು ಕಂಪ್ಯೂಟರಿನೊಳಗೇ ಇನ್ನೆರಡು ಕಂಪ್ಯೂಟರ್ ನಡೆಸುವ ವರ್ಚುವಲ್ ಯಂತ್ರಗಳನ್ನು ಮೊದಲೇ ಹಾಕಿಟ್ಟಿದ್ದೆವು. ಒಂದು ದಾಳಿ ಮಾಡುವುದು, ಇನ್ನೊಂದು ದಾಳಿಗೆ ತುತ್ತಾಗುವುದು. ಅವೆರಡರ ನಡುವಿನ ಜಾಲ ಹೊರಗಿನ ಯಾವುದಕ್ಕೂ ಸೇರಿಲ್ಲ. ಕಾಲೇಜಿನ ವೈಫೈಗೂ ಇಲ್ಲ. ಸಿರಾಕ್ಯೂಸ್ ವಿಶ್ವವಿದ್ಯಾಲಯದ ವೆನ್‌ಲಿಯಾಂಗ್ ಡು 2002ರಲ್ಲಿ ಆರಂಭಿಸಿದ ಸೀಡ್ ಲ್ಯಾಬ್ ಪ್ರಯೋಗಗಳಿಂದ ಆಯ್ದುಕೊಂಡೆವು. ಒಂದು ರೂಪಾಯಿ ಖರ್ಚಿಲ್ಲದೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅಲ್ಲಿಯೂ ಅವರು ಪ್ರಯೋಗ ಬರೆದು ಸುಮ್ಮನಾಗಲಿಲ್ಲ, ಬೇರೆ ಕಾಲೇಜುಗಳ ಅಧ್ಯಾಪಕರನ್ನು ಕರೆದು ಕೂರಿಸಿ ಮಾಡಿಸಿದರು.

ಮೊದಲು ವೈರ್‌ಶಾರ್ಕ್, ಜಾಲದಲ್ಲಿ ಓಡುವ ಮಾಹಿತಿಯ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು ತೋರಿಸುವ ಸಾಧನ. ಬೀಗದ ಗುರುತಿಲ್ಲದ ಒಂದು ಲಾಗಿನ್ ಪುಟದಲ್ಲಿ ಸಿರುಗುಪ್ಪದ ಸರ್ ಸುಳ್ಳು ಹೆಸರು, ಸುಳ್ಳು ಪಾಸ್‌ವರ್ಡ್ ಹೊಡೆದರು. ಪಕ್ಕದ ಪರದೆಯಲ್ಲಿ ಸಾಲುಸಾಲಾಗಿ ಪ್ಯಾಕೆಟ್ ಓಡಿದವು. ಒಂದರ ಮೇಲೆ ಕ್ಲಿಕ್ ಮಾಡಿದಾಗ ಅವರು ಹೊಡೆದ ಪಾಸ್‌ವರ್ಡ್ ಅಕ್ಷರ ತಪ್ಪದೆ ಅಲ್ಲಿತ್ತು. ಅದೇ ಪುಟವನ್ನು ಎಚ್‌ಟಿಟಿಪಿಎಸ್‌ಗೆ ಬದಲಿಸಿ ಮತ್ತೆ ಹೊಡೆಸಿದೆ. ಈ ಸಲ ಯಾರು ಯಾರೊಂದಿಗೆ ಮಾತಾಡಿದರು ಎಂಬುದಷ್ಟೇ ಕಂಡಿತು, ಏನು ಮಾತಾಡಿದರೆಂದು ಕಾಣಲಿಲ್ಲ. ಅವರು ಬಹಳ ಹೊತ್ತು ಪರದೆ ನೋಡುತ್ತಾ ಕೂತರು. ಆಮೇಲೆ, "ಬೋರ್ಡ್ ಮ್ಯಾಲಿನ ಡಬ್ಬಿ ಇನ್ನ ಬರಿಯಂಗಿಲ್ರಿ" ಅಂದರು.

ನಂತರ ಎಸ್‌ಕ್ಯೂಎಲ್ ಇಂಜೆಕ್ಷನ್. ಹೆಸರು ಬರೆಯುವ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ ಹಾಕಿ, ಸದಾ ನಿಜವಾಗುವ ಒಂದು ಷರತ್ತು ಸೇರಿಸಿದರೆ ಪಾಸ್‌ವರ್ಡೇ ಇಲ್ಲದೆ ಬಾಗಿಲು ತೆರೆಯುತ್ತದೆ. ಡೇಟಾಬೇಸ್ ನಾವು ಬರೆದದ್ದನ್ನು ಹೆಸರೆಂದು ತಿಳಿಯದೆ ಆಜ್ಞೆಯ ಭಾಗವೆಂದು ತಿಳಿಯುವುದೇ ದೋಷ. ಬಾಗಿಲು ತೆರೆದಾಗ ಕೋಣೆಯಲ್ಲಿ ಎದ್ದ ಉತ್ಸಾಹ ನೋಡಿ ಅಲ್ಲಿಗೇ ನಿಲ್ಲಿಸಿದೆ. ಒಡೆಯುವುದು ಪಾಠದ ಅರ್ಧ ಮಾತ್ರ. ಉಳಿದ ಹೊತ್ತು ಅದೇ ಪುಟದ ಕೋಡ್ ತೆರೆದು, ಆಜ್ಞೆಯನ್ನು ಮೊದಲೇ ಕಟ್ಟಿಟ್ಟು ಬಳಕೆದಾರರು ಬರೆದದ್ದನ್ನು ಬೇರೆಯಾಗಿ ಕೊಡುವಂತೆ ಎಲ್ಲರೂ ತಿದ್ದಿದರು. ಮತ್ತೆ ದಾಳಿ ಮಾಡಿದರು. ಬಾಗಿಲು ತೆರೆಯಲಿಲ್ಲ. ಒಡೆ, ತಿದ್ದು, ಮತ್ತೆ ಒಡೆಯಲು ನೋಡು. ಈ ಕ್ರಮ ಬಿಟ್ಟು ಈ ವಿಷಯ ಕಲಿಸಲು ಬೇರೆ ದಾರಿ ನನಗೆ ಗೊತ್ತಿಲ್ಲ.

24 ಅಕ್ಟೋಬರ್, ಗುರುವಾರ

ಬೆಳಿಗ್ಗೆ ಒಬ್ಬ ಪ್ರಿನ್ಸಿಪಾಲರು ತಮ್ಮ ಉಪನ್ಯಾಸಕರನ್ನು ನೋಡಲು ಬಂದವರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಹುಡುಗ್ರಿಗೆ ಹ್ಯಾಕಿಂಗ್ ಕಲಿಸಿ, ನಾಳೆ ಅವರು ಮಾರ್ಕ್ಸ್ ತಿದ್ದಿದ್ರೆ ಯಾರು ಹೊಣೆ?" ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡದೆ ಯಾವ ಕಾಲೇಜಿನಲ್ಲೂ ಲ್ಯಾಬ್ ತೆರೆಯಲು ಆಗುವುದಿಲ್ಲ. ಇವತ್ತಿನ ದಿನವನ್ನು ಅದಕ್ಕೇ ಇಟ್ಟಿದ್ದೆ.

ರಾಜ್ಯಶಾಸ್ತ್ರದ ಸರ್ ಐಟಿ ಕಾಯ್ದೆ ಪಾಠ ಮಾಡಿದರು. 2000ರ ಕಾಯ್ದೆ, 2008ರ ತಿದ್ದುಪಡಿ. ಮಾಲೀಕರ ಒಪ್ಪಿಗೆಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದು 43ನೇ ಕಲಂ. ಅದನ್ನೇ ದುರುದ್ದೇಶದಿಂದ ಮಾಡಿದರೆ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 66ಸಿ. ಬೇರೆಯವರ ಸೋಗಿನಲ್ಲಿ ವಂಚಿಸಿದರೆ 66ಡಿ. ಆಕ್ಷೇಪಾರ್ಹ ಸಂದೇಶ ಕಳಿಸಿದರೆ ಜೈಲು ಎನ್ನುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದ್ದನ್ನೂ ಅವರು ವಿವರಿಸಿದರು. ಕಾನೂನು ಕಲಿಸುವುದೆಂದರೆ ಬರೀ ಹೆದರಿಸುವುದಲ್ಲ, ಹಕ್ಕನ್ನೂ ತಿಳಿಸುವುದು.

ನಾನು ಮಾರಿಸ್ ವರ್ಮ್ ಕಥೆ ಹೇಳಿದೆ. 1988ರ ನವೆಂಬರ್ 2ರಂದು ಕಾರ್ನೆಲ್‌ನ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಬಿಟ್ಟ ಪ್ರೋಗ್ರಾಂ ಅಂದಿನ ಇಂಟರ್ನೆಟ್ಟಿನ ಸುಮಾರು 6,000 ಯಂತ್ರಗಳನ್ನು ಹಿಡಿಯಿತೆಂದು ಅಂದಾಜು. ಸೋಮವಾರ ಸಾಲ್ಟ್ ಪಾಠದಲ್ಲಿ ಬಂದ ರಾಬರ್ಟ್ ಮಾರಿಸ್ ಅವರ ಮಗನೇ ಅವನು. ಅಮೆರಿಕದ 1986ರ ಕಂಪ್ಯೂಟರ್ ವಂಚನೆ ಕಾಯ್ದೆಯಡಿ ಅಪರಾಧಿ ಎನಿಸಿದ. ಮುಂದೆ ಎಂಐಟಿಯಲ್ಲಿ ಪ್ರೊಫೆಸರ್ ಆದ. ಜಾಣ ಹುಡುಗನ ಕೈಗೆ ವಿದ್ಯೆ ಬರುವುದನ್ನು ಯಾರೂ ತಡೆಯಲಾರರು. ಅವನ ಪಕ್ಕದಲ್ಲಿ ಹೇಳುವವರೊಬ್ಬರು ಇದ್ದಾರೆಯೇ ಎಂಬುದೇ ಪ್ರಶ್ನೆ. ಪ್ರಿನ್ಸಿಪಾಲರಿಗೆ ನಾನು ಕೊಟ್ಟ ಉತ್ತರವೂ ಇದೇ. ದಾಳಿಯ ವಿಡಿಯೋಗಳು ಹುಡುಗರ ಫೋನಿನಲ್ಲಿ ಈಗಾಗಲೇ ಇವೆ. ಅಲ್ಲಿಲ್ಲದಿರುವುದು ಕಲಂ 66, ಮತ್ತು ತಿದ್ದುವ ಕೆಲಸ. ಅವೆರಡನ್ನೂ ಕಾಲೇಜು ಮಾತ್ರ ಕೊಡಬಲ್ಲದು.

ಎಲ್ಲರೂ ಸೇರಿ ಕನ್ನಡದಲ್ಲಿ ಒಂದು ಪುಟದ ಒಪ್ಪಂದ ಬರೆದೆವು. ಲ್ಯಾಬ್ ಜಾಲದ ಹೊರಗೆ ಪ್ರಯೋಗ ಮಾಡುವುದಿಲ್ಲ, ಬೇರೆಯವರ ಖಾತೆ ಮುಟ್ಟುವುದಿಲ್ಲ, ದೋಷ ಕಂಡರೆ ಮೊದಲು ಮೇಷ್ಟ್ರಿಗೆ ಹೇಳುತ್ತೇನೆ. ಲ್ಯಾಬಿಗೆ ಕಾಲಿಡುವ ಪ್ರತಿ ವಿದ್ಯಾರ್ಥಿಯೂ ಸಹಿ ಹಾಕಬೇಕು.

ಬಾಡಿಗೆ ಖಾತೆಗಳ ಮಾತೂ ಬಂತು. ನಿನ್ನ ಬ್ಯಾಂಕ್ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು ವಂಚಕರ ಕಡೆಯವರು ಕಾಲೇಜು ಹುಡುಗರನ್ನೇ ಹುಡುಕುತ್ತಾರೆ. ಯಾರದೋ ಜೀವಮಾನದ ಉಳಿತಾಯ ಆ ಖಾತೆಯ ಮೂಲಕ ಹರಿದುಹೋಗುತ್ತದೆ. ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆ ಮುಂದೆ. ಸ್ಕಾಲರ್‌ಶಿಪ್‌ಗೆಂದು ಮೊದಲ ಸಲ ಖಾತೆ ತೆರೆದ ಬಡ ಹುಡುಗ ಹುಡುಗಿಯರಿಗೆ ಇದನ್ನು ಮೊದಲ ವಾರದಲ್ಲೇ ಹೇಳಬೇಕು. ಪಠ್ಯಕ್ರಮದಲ್ಲಿ ಇರಲಿ, ಬಿಡಲಿ.

25 ಅಕ್ಟೋಬರ್, ಶುಕ್ರವಾರ

ಕೊನೆಯ ದಿನ ನಾನು ಹಿಂದಿನ ಬೆಂಚಿಗೆ ಹೋದೆ. ಒಬ್ಬೊಬ್ಬರೂ ಮುಂದೆ ಬಂದು ಒಂದೊಂದು ಪಾಠ ಮಾಡಿದರು.

ಕಾಮರ್ಸ್ ಮೇಡಂ ಪಾಠ ಎಲ್ಲರನ್ನೂ ಹಿಡಿದಿಟ್ಟಿತು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದ ಲೆಕ್ಕ ಬರೆಯುವವನೇ ಅವರ ಪಾಠದ ನಾಯಕ. ಬಟ್ಟೆ ಕಳಿಸುವ ವ್ಯಾಪಾರಿಯಿಂದ ಮೇಲ್ ಬರುತ್ತದೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸದಕ್ಕೆ ಹಾಕಿ. ಕಳುಹಿಸಿದವರ ವಿಳಾಸದಲ್ಲಿ ಒಂದೇ ಅಕ್ಷರ ಹೆಚ್ಚು. ಬಿಕಾಂ ಮುಗಿಸಿ ಕೌಲ್‌ಬಜಾರ್ ಕಡೆ ಕೆಲಸಕ್ಕೆ ಸೇರುವ ಹುಡುಗನಿಗೆ ಇದು ಗೊತ್ತಿದ್ದರೆ ಅವನು ಹಳೆಯ ನಂಬರಿಗೆ ಫೋನ್ ಮಾಡಿ ಕೇಳುತ್ತಾನೆ. ಗೊತ್ತಿಲ್ಲದಿದ್ದರೆ ಮಾಲೀಕರ ಹಣ ಹೋಗುತ್ತದೆ, ಅವನ ಕೆಲಸವೂ ಹೋಗುತ್ತದೆ. ಯಾವ ಪುಸ್ತಕವನ್ನೂ ನೋಡದೆ ಮೇಡಂ ಪಾಠ ಮುಗಿಸಿದರು.

ಕುರುಗೋಡಿನ ಮೇಡಂಗೆ ಸಂಡೂರು ಉಪಚುನಾವಣೆಯ ಡ್ಯೂಟಿ ಬಂದಿದೆ. ಊಟವಾದ ಕೂಡಲೇ ಹೊರಟರು. ಹೊರಡುವ ಮುನ್ನ ತಮ್ಮ ಪಾಠದ ಟಿಪ್ಪಣಿ ನನ್ನ ಕೈಗಿಟ್ಟು, "ನೋಡಿ ತಿದ್ದಿಕೊಡ್ರಿ, ರಾಜ್ಯೋತ್ಸವ ಆದ ಮ್ಯಾಲೆ ಶುರು ಮಾಡ್ತೀನಿ" ಅಂದರು.

ಒಂದು ವಿಷಯ ನೋವು ತಂದಿತು. ಕಾಯಂ ಉಪನ್ಯಾಸಕರಿಗೆ ಈ ದಿನಗಳು ಓಓಡಿ, ಅಂದರೆ ಅನ್ಯ ಕರ್ತವ್ಯ ಎಂದು ಲೆಕ್ಕಕ್ಕೆ ಬರುತ್ತವೆ. ಅತಿಥಿ ಉಪನ್ಯಾಸಕರಿಗೆ ಆ ಭರವಸೆಯಿಲ್ಲ. ಬಿಟ್ಟುಬಂದ ತರಗತಿಗಳನ್ನು ಆಮೇಲೆ ತುಂಬಿಕೊಡಬೇಕು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರುವುದು ಅವರೇ. ಅವರನ್ನು ಬಿಟ್ಟು ನಡೆಸುವ ಯಾವ ತರಬೇತಿಯೂ ವಿದ್ಯಾರ್ಥಿಗೆ ತಲುಪುವುದಿಲ್ಲ. ಕೈಯಿಂದ ಬಸ್ ಚಾರ್ಜ್ ಕೊಟ್ಟು ದಿನಾ ಸಿರುಗುಪ್ಪದಿಂದ ಬಂದು ಹೋದ ಆ ಸರ್‌ಗೆ ಪ್ರಮಾಣಪತ್ರ ಕೊಡುವಾಗ ನನ್ನ ಮನಸ್ಸಿನಲ್ಲಿ ಗೌರವವೇ ಇತ್ತು.

27 ಅಕ್ಟೋಬರ್, ಭಾನುವಾರ

ಇವತ್ತಿನ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಡಿಜಿಟಲ್ ಅರೆಸ್ಟ್ ಬಗ್ಗೆ, ಪೊಲೀಸರ ಸೋಗಿನಲ್ಲಿ ಕರೆ ಮಾಡಿ ಹೆದರಿಸಿ ಹಣ ಕೀಳುವ ವಂಚನೆಯ ಬಗ್ಗೆ ಮಾತಾಡಿದರು. ಯಾವ ತನಿಖಾ ಸಂಸ್ಥೆಯೂ ವಿಡಿಯೋ ಕರೆಯಲ್ಲಿ ವಿಚಾರಣೆ ಮಾಡುವುದಿಲ್ಲ, ತಡೆಯಿರಿ, ಯೋಚಿಸಿ, ಆಮೇಲೆ ಹೆಜ್ಜೆ ಇಡಿ, ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂದರು.

ಸಂಜೆ ಪಕ್ಕದ ಮನೆಯ ಅಜ್ಜಿ ಬಂದು, "ಏನಮ್ಮಾ, ಪೊಲೀಸರು ಫೋನ್ನಾಗೇ ಹಿಡೀತಾರಂತಲ್ಲ?" ಅಂದರು. ಕೂರಿಸಿಕೊಂಡು ಹೇಳಿದೆ. ಹಣ ಹೋದ ಮೇಲೆ ಮೊದಲ ಗಂಟೆಯಲ್ಲಿ 1930ಕ್ಕೆ ಹೇಳಿದರೆ ಖಾತೆಯಿಂದ ಖಾತೆಗೆ ದಾಟುವ ಮೊದಲೇ ಬ್ಯಾಂಕುಗಳು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅಜ್ಜಿ ಆ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆಸಿಕೊಂಡು ಹೋದರು.

ಜಾಗೃತಿಗೂ ಶಿಕ್ಷಣಕ್ಕೂ ಇರುವ ಅಂತರ ಯೋಚಿಸುತ್ತಿದ್ದೇನೆ. ಅಜ್ಜಿಗೆ ನಂಬರ್ ಸಾಕು. ಅವರ ಮೊಮ್ಮಗನಿಗೆ ಸಾಲದು. ಅವನು ನಾಳೆ ಸಹಕಾರಿ ಬ್ಯಾಂಕಿನ ಸರ್ವರ್ ನೋಡಿಕೊಳ್ಳಬಹುದು, ತಾಲ್ಲೂಕು ಕಚೇರಿಯ ದಾಖಲೆ ನಿರ್ವಹಿಸಬಹುದು, ಆಸ್ಪತ್ರೆಯ ಸಾಫ್ಟ್‌ವೇರ್ ಬರೆಯಬಹುದು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ವನ್ನಾಕ್ರೈ 2017ರ ಮೇ 12ರಂದು ಹಬ್ಬಿದಾಗ ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಪರಿಹಾರ ಬಿಟ್ಟದ್ದು ಮಾರ್ಚ್ 14ರಂದೇ. ಹಾಕಬೇಕಾದವರು ಹಾಕಿರಲಿಲ್ಲ. ದೆಹಲಿಯ ಏಮ್ಸ್ 2022ರ ನವೆಂಬರಿನಲ್ಲಿ ರ‍್ಯಾನ್ಸಮ್‌ವೇರ್ ದಾಳಿಯಾದ ಮೇಲೆ ದಿನಗಟ್ಟಲೆ ಕಾಗದದ ಮೇಲೆ ಕೆಲಸ ನಡೆಸಿತು. ಅಂಥ ಯಂತ್ರದ ಮುಂದೆ ಕೂರುವವರು ನಮ್ಮ ಕಾಲೇಜುಗಳಿಂದಲೇ ಹೋಗುತ್ತಾರೆ. ಪೋಸ್ಟರ್ ಹಚ್ಚಿ, ಪ್ರತಿಜ್ಞೆ ಓದಿಸಿ ಕಳಿಸಿದರೆ ಅವರಿಗೆ ಕೆಲಸ ಬರುವುದಿಲ್ಲ.

9 ನವೆಂಬರ್, ಶನಿವಾರ. ಸಿರುಗುಪ್ಪ, ರಾತ್ರಿ ಬ್ರೂಸ್‌ಪೇಟೆ

ಸಿರುಗುಪ್ಪದ ಸರ್ ಕರೆದಿದ್ದರು. ತೆಕ್ಕಲಕೋಟೆ ದಾಟಿ ಹೋಗುವಾಗ ರಸ್ತೆಯ ಎರಡೂ ಬದಿ ಭತ್ತ ತೆನೆ ಬಾಗಿ ನಿಂತಿತ್ತು. ಅಣೆಕಟ್ಟಿನಲ್ಲಿ ಮತ್ತೆ ನೀರು ತುಂಬಿದ್ದು ಈ ನೆಲದ ಪುಣ್ಯ.

ಅವರ ಲ್ಯಾಬಿನ ಕಂಪ್ಯೂಟರುಗಳಲ್ಲಿ 4 ಜಿಬಿ ರ‍್ಯಾಮ್ ಮಾತ್ರ. ಎರಡು ವರ್ಚುವಲ್ ಯಂತ್ರ ಒಟ್ಟಿಗೆ ಹಾಕಿದರೆ ನಿಂತೇ ಹೋಗುತ್ತವೆ. ಅವರು ದಾರಿ ಕಂಡುಕೊಂಡಿದ್ದಾರೆ. ಒಂದು ಕಂಪ್ಯೂಟರಿನಲ್ಲಿ ದಾಳಿಯದು, ಪಕ್ಕದ್ದರಲ್ಲಿ ತುತ್ತಾಗುವುದು, ಎರಡನ್ನೂ ಒಂದು ಹಳೆಯ ಸ್ವಿಚ್‌ಗೆ ಜೋಡಿಸಿ ಕಾಲೇಜಿನ ಇಂಟರ್ನೆಟ್ ಕೇಬಲ್ ಕಿತ್ತಿಟ್ಟಿದ್ದಾರೆ. ಇಬ್ಬಿಬ್ಬರು ವಿದ್ಯಾರ್ಥಿಗಳು ಒಂದೊಂದು ಕಡೆ. ಹಣವಿಲ್ಲದೆ ಮಾಡಿದ ಈ ಏರ್ಪಾಟು ಪಾಠಕ್ಕೆ ಇನ್ನೂ ಅನುಕೂಲವಾಗಿದೆ. ದಾಳಿ ಮಾಡುವವರು ಮತ್ತು ಕಾಯುವವರು ಎದುರುಬದುರು ಕೂತು ವಾದಿಸುತ್ತಾರೆ.

ಗೋಡೆಗೆ ಆ ಒಪ್ಪಂದದ ಪುಟ ಅಂಟಿಸಿತ್ತು. ಕೆಳಗೆ ವಿದ್ಯಾರ್ಥಿಗಳ ಸಹಿ. ಒಬ್ಬ ಹುಡುಗಿ ವೈರ್‌ಶಾರ್ಕ್ ಪರದೆ ತೋರಿಸುತ್ತಾ ಕೇಳಿದಳು: "ಮೇಡಂ, ಏನು ಮಾತಾಡಿದ್ರು ಅಂತ ಕಾಣದಿದ್ರೂ ಯಾರ ಜೊತೆ ಅಂತ ಕಾಣ್ತದಲ್ಲ, ಅದನ್ನೂ ಮುಚ್ಚಾಕ ಬರಂಗಿಲ್ಲೇನು?" ಸಂಶೋಧಕರು ಇವತ್ತಿಗೂ ತಲೆಕೆಡಿಸಿಕೊಳ್ಳುತ್ತಿರುವ ಪ್ರಶ್ನೆ. ಸರ್ ಪುಸ್ತಕದ ಮುಂದಿನ ಪುಟಕ್ಕೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, "ಬಾ, ಹುಡುಕೋಣ" ಅಂದರು.

16 ನವೆಂಬರ್, ಶನಿವಾರ

ಕುರುಗೋಡಿನ ಮೇಡಂ ಫೋನ್ ಮಾಡಿದ್ದರು. ಬುಧವಾರ ಸಂಡೂರಿನ ಮತದಾನ ಮುಗಿಸಿ ಬಂದು ಕಾಲೇಜಿನಲ್ಲಿ ಗುಪ್ತಲಿಪಿಯ ಪಾಠ ಶುರು ಮಾಡಿದ್ದಾರೆ. ಮಕ್ಕಳು ತಮ್ಮೂರಿನ ದೇವರು ದೊಡ್ಡಬಸವೇಶ್ವರನ ಹೆಸರು ಬರೆದು ಸರಿಸಿ, ಮೇಡಂಗೇ ಬಿಡಿಸಲು ಕೊಟ್ಟರಂತೆ. ಅವರ ದನಿಯಲ್ಲಿ ಮೊದಲಿರದ ಒಂದು ನಿಶ್ಚಿಂತೆ ಕೇಳಿಸಿತು.

ತರಬೇತಿಯ ವರದಿ ಬರೆಯಬೇಕು. ನಮೂನೆಯಲ್ಲಿ ಕೇಳಿರುವುದು ಎಷ್ಟು ಜನ ಬಂದರು, ಎಷ್ಟು ಪ್ರಮಾಣಪತ್ರ ಕೊಟ್ಟಿರಿ, ಫೋಟೋ ಎಷ್ಟು. ಅವನ್ನೆಲ್ಲ ತುಂಬಿಸಿದೆ. ಕೆಳಗೆ ಜಾಗ ಮಾಡಿಕೊಂಡು ನನ್ನ ಮಾತನ್ನೂ ಸೇರಿಸಿದೆ. ಅದನ್ನೇ ಇಲ್ಲಿ ನಕಲು ಮಾಡಿಡುತ್ತೇನೆ:

ಮಾಹಿತಿ ಭದ್ರತೆ ಕಲಿಸುವವರು ಅದನ್ನು ಒಮ್ಮೆ ತಮ್ಮ ಕೈಯಿಂದ ಒಡೆದು, ತಮ್ಮ ಕೈಯಿಂದಲೇ ತಿದ್ದಿರಬೇಕು. ಅದಾಗದೆ ಕೊಟ್ಟ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಪ್ರತಿ ಪದವಿ ಕಾಲೇಜು ಇಂಟರ್ನೆಟ್ಟಿಗೆ ಸೇರದ ನಾಲ್ಕು ಹಳೆಯ ಕಂಪ್ಯೂಟರ್, ಒಂದು ಸ್ವಿಚ್, ವಾರಕ್ಕೆ ಎರಡು ಗಂಟೆ ಲ್ಯಾಬ್ ಇದಕ್ಕೆ ಬಿಟ್ಟುಕೊಡಲಿ. ತರಬೇತಿಗೆ ಬರುವ ಅತಿಥಿ ಉಪನ್ಯಾಸಕರ ಆ ದಿನಗಳ ಸಂಭಾವನೆ ಕಡಿತವಾಗದಿರಲಿ, ಬಸ್ ಚಾರ್ಜೂ ಸಿಗಲಿ. ಪಾಠ ಕನ್ನಡದಲ್ಲಿ ನಡೆಯಲಿ, ಉದಾಹರಣೆಗಳು ಈ ಊರಿನವೇ ಆಗಲಿ. ಮುಂದಿನ ತರಬೇತಿಯನ್ನು ನಡೆಸಿಕೊಡುವವರು ಬೆಂಗಳೂರಿನಿಂದ ಬರಬೇಕಾಗಿಲ್ಲ. ಸಿರುಗುಪ್ಪದ ಸರ್ ಮತ್ತು ಕುರುಗೋಡಿನ ಮೇಡಂ ತಯಾರಿದ್ದಾರೆ. ಅವರನ್ನೇ ಕರೆಯಿರಿ.